ಚಿಕ್ಕಬೀರಮ್ಮ ಪದ್ಯ ತಿದ್ದಿದ್ದು

ಕವಿ ಹೊಲಪ್ರಿಯರ ನಿಜವಾದ ಹೆಸರು ಬೋರೇಗೌಡ. ಅದಕ್ಕಿಂತ ಮಣ್ಣು ಮೆತ್ತಿದ ಹೆಸರು ಹುಣಸೂರು ತಾಲ್ಲೂಕಿನಲ್ಲೆಲ್ಲ ಹುಡುಕಿದರೂ ಸಿಗುವುದಿಲ್ಲ. ಆದರೂ ಅವರು ಅದನ್ನು ಮೈಸೂರಿನ ಕಾಲೇಜಿನ ಹಾಜರಿ ಪುಸ್ತಕಕ್ಕೆ ಬಿಟ್ಟುಕೊಟ್ಟು, ಪದ್ಯಗಳ ಕೆಳಗೆ ಹೊಲಪ್ರಿಯ ಎಂದು ಬರೆದುಕೊಳ್ಳುತ್ತಿದ್ದರು. ನಮ್ಮೂರು ಗುಂಡಿಕೆರೆಯ ಪಟೇಲ ಸಣ್ಣೇಗೌಡರ ಅಳಿಯ ಅವರು. ಪಟೇಲಿಕೆಯನ್ನು ಸರ್ಕಾರ ಕಿತ್ತುಹಾಕಿ ವರ್ಷಗಳೇ ಆಗಿದ್ದವು. ಅದು ಸರ್ಕಾರಕ್ಕೆ ಗೊತ್ತಿತ್ತು. ಸಣ್ಣೇಗೌಡರಿಗೆ ಗೊತ್ತಿರಲಿಲ್ಲ.

ಅಳಿಯಂದಿರು ವರ್ಷಕ್ಕೊಮ್ಮೆ, ಶ್ರಾವಣದ ಹೊತ್ತಿಗೆ, ಕಾರಿನಲ್ಲಿ ಬರುತ್ತಿದ್ದರು. ಮಾವನ ಮನೆಯ ಮಹಡಿ ಜಗುಲಿಯ ಮೇಲೆ ಬೆತ್ತದ ಕುರ್ಚಿ ಹಾಕಿಸಿಕೊಂಡು, ಕಾಫಿ ಕುಡಿದು, ಹೊಲ ನೋಡಿ, ಪದ್ಯ ಬರೆಯುತ್ತಿದ್ದರು. ಹೊಲಕ್ಕೆ ಇಳಿದದ್ದನ್ನು ನಾನು ಕಂಡಿಲ್ಲ. ಒಮ್ಮೆ ಇಳಿದಿದ್ದರಂತೆ, ಬೂಟಿಗೆ ಸಗಣಿ ಹತ್ತಿತಂತೆ.

"ಹೊಲಪ್ರಿಯ ಅಂದ್ರೆ ಏನ್ಲಾ ಮಂಟ?" ಅಂತ ಚಿಕ್ಕಬೀರಮ್ಮ ನನ್ನನ್ನು ಕೇಳಿದ್ದಳು.

"ಹೊಲ ಅಂದ್ರೆ ಬೋ ಇಷ್ಟ ಅಂತ ಕಣಕ್ಕ."

"ಅಂಗಾದ್ರೆ ಹೊಲ್ದಲ್ಲಿ ಇರ್ಬೇಕಲ್ಲ. ಜಗುಲೀಲಿ ಯಾಕವ್ನೆ?"

ನನ್ನ ಹೆಸರು ಮಂಟಯ್ಯ. ಕೇರಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಹೋದವನು ನಾನೊಬ್ಬನೇ. ಫೇಲಾಗಿ ವಾಪಸು ಬಂದವನೂ ನಾನೊಬ್ಬನೇ. ಪಟೇಲರ ಬ್ಯಾರನ್ನಿಗೆ ಬೆಂಕಿ ಹಾಕುವುದು ನನ್ನ ಕೆಲಸ. ಬ್ಯಾರನ್ ಅಂದರೆ ಹೊಗೆಸೊಪ್ಪು ಒಣಗಿಸುವ ಎತ್ತರದ ಮಣ್ಣಿನ ಮನೆ. ಕಿಟಕಿ ಇಲ್ಲ. ಒಳಗೆ ತಗಡಿನ ಕೊಳವೆ, ಹೊರಗೆ ಒಲೆ. ಹೆಂಗಸರು ಹಸಿ ಸೊಪ್ಪನ್ನು ಜೋಡಿ ಜೋಡಿಯಾಗಿ ಕಡ್ಡಿಗೆ ಕಟ್ಟುತ್ತಾರೆ. ಕಟ್ಟಿದ ಕಡ್ಡಿಗಳನ್ನು ಒಳಗೆ ಸಾಲಾಗಿ ತೂಗುಹಾಕಿ ಐದಾರು ದಿನ ಬೆಂಕಿ ಕೊಡಬೇಕು. ಬೆಂಕಿ ಹೆಚ್ಚಾದರೆ ಸೊಪ್ಪು ಸುಡುತ್ತದೆ, ಕಮ್ಮಿಯಾದರೆ ಕರಿಯಾಗುತ್ತದೆ. ಎರಡಕ್ಕೂ ಒದೆ ನನಗೆ.

ಕಡ್ಡಿ ಕಟ್ಟುವವರ ಕೆಲಸ ಇನ್ನೂ ಕೆಟ್ಟದ್ದು. ಹಸಿ ಸೊಪ್ಪಿನಲ್ಲಿ ಅಂಟು ಇರುತ್ತದೆ. ಕೈಗೆ ಹತ್ತಿ ಕರ್ರಗೆ ಗಟ್ಟಿಯಾಗುತ್ತದೆ. ಆ ಕೈಯಲ್ಲಿ ಮುದ್ದೆ ಮುರಿದರೆ ಮುದ್ದೆ ಕಹಿ. ಕಣ್ಣು ಉಜ್ಜಿದರೆ ಕಣ್ಣು ಉರಿ. ಮಳೆಯಲ್ಲಿ ನೆಂದ ಸೊಪ್ಪಾದರೆ ವಿಷ ಚರ್ಮದಿಂದಲೇ ಒಳಗಿಳಿಯುತ್ತದೆ. ತಲೆ ತಿರುಗುತ್ತದೆ, ಹೊಟ್ಟೆ ತೊಳೆಸುತ್ತದೆ, ಕರುಳು ಬಾಯಿಗೆ ಬರುವ ಹಾಗೆ ವಾಂತಿ. ವಾಂತಿ ಮಾಡಿಕೊಂಡು ಬಂದು ಮತ್ತೆ ಕಟ್ಟಬೇಕು. ಕಿತ್ತ ಸೊಪ್ಪು ಕಾಯುವುದಿಲ್ಲ. ರಾಶಿ ಹಾಕಿದ ಕಡೆಯೇ ಬಿಸಿಯಾಗಿ ಕೊಳೆಯುತ್ತದೆ.

ಆ ಸೊಪ್ಪಿನ ಹೊಲವನ್ನು ಮಹಡಿಯಿಂದ ನೋಡಿ ಹೊಲಪ್ರಿಯರು ಅನ್ನಪೂರ್ಣೆ ಅಂತ ಬರೆದಿದ್ದರು. ಹಸಿರು ಕಂಡದ್ದೆಲ್ಲ ಅನ್ನ ಅಂದುಕೊಂಡಿದ್ದರು. ಮಾವನಾದರೂ ಹೇಳಬಹುದಿತ್ತು. ಮಾವ ಪದ್ಯ ಓದುತ್ತಿರಲಿಲ್ಲ. ಸೊಪ್ಪು ಕೊಳ್ಳುವ ಕಂಪನಿಯವರು ಕೊಟ್ಟ ಚೀಟಿ ಓದುತ್ತಿದ್ದರು, ಅಷ್ಟೆ.

ಈಗ ಎಪ್ಪತ್ತನೇ ಇಸವಿಯ ಶ್ರಾವಣದ ವಿಷಯ ಹೇಳಬೇಕು.

ಚಿಕ್ಕಬೀರಮ್ಮನಿಗೆ ಏಳು ತಿಂಗಳಾಗಿತ್ತು. ಮೊದಲನೆಯ ಬಸಿರು. ಗಂಡ ಕರಿಯಯ್ಯ ಪಟೇಲರ ಗಾಡಿ ಹೊಡೆದುಕೊಂಡು ಪಿರಿಯಾಪಟ್ಟಣದ ಕಡೆಗೆ ಸೌದೆ ತರಲು ಹೋಗಿದ್ದ. ಹಿಂದಿನ ದಿನವೆಲ್ಲ ಮಳೆ. ಸೊಪ್ಪು ತೊಯ್ದು ತೊಪ್ಪೆಯಾಗಿತ್ತು. ಬೆಳಗ್ಗೆ ಅವಳು ಎರಡು ಸಲ ವಾಂತಿ ಮಾಡಿಕೊಂಡಳು. ಮೂರನೆಯ ಸಲ ಎದ್ದು ಹೋಗಿ ಪಟೇಲರ ಮುಂದೆ ನಿಂತಳು.

"ಬುದ್ಧಿ, ಒಟ್ಟೆ ಇಡ್ಕಂಡಂಗೆ ಆಯ್ತದೆ. ಮನೆಗ್ ಓಯ್ತೀನಿ."

"ಬ್ಯಾರನ್ ತುಂಬ್ಲಿ. ಆಮೇಲೆ ಓಗು."

"ಆಗಕುಲ್ಲ ಬುದ್ಧಿ."

"ನಿಮ್ಗೆ ಯಾವಾಗ್ಲೂ ಆಗಕುಲ್ಲ. ಕೂತ್ಕೊ ಓಗು."

ಅವಳು ಹೋಗಿ ಕೂತಳು. ಹೊತ್ತು ನೆತ್ತಿಗೆ ಬರುವ ಮೊದಲೇ ಸೊಪ್ಪಿನ ರಾಶಿಯ ಮಗ್ಗುಲಿಗೆ ಒರಗಿಬಿಟ್ಟಳು. ಕೇರಿಯ ಹಿರಿಯಳು ತಿಮ್ಮಮ್ಮ ತನ್ನ ಸೀರೆಯ ಸೆರಗನ್ನು ಅಡ್ಡ ಹಿಡಿದಳು. ದಾರ ಕೊಯ್ಯುವ ಬ್ಲೇಡಿನಲ್ಲಿ ಹೊಕ್ಕುಳ ಬಳ್ಳಿ ಕೊಯ್ದಳು. ಮಗು ಅಳಲಿಲ್ಲ. ತಿಮ್ಮಮ್ಮ ತಲೆಕೆಳಗು ಮಾಡಿ ಬೆನ್ನಿಗೆ ಬಡಿದಳು. ಬಾಯೊಳಗೆ ಬೆರಳು ಹಾಕಿ ತೆಗೆದಳು. ಆ ಬೆರಳಿಗೂ ಅಂಟು ಇತ್ತು. ಮಗು ಅಳಲಿಲ್ಲ. ಗಂಡು ಮಗು.

ನಾನು ಹತ್ತು ಮಾರು ದೂರದಲ್ಲಿ ಒಲೆಯ ಮುಂದೆ ಇದ್ದೆ. ಎದ್ದು ನಿಂತೆ. ಪಟೇಲರು, "ಲೇ, ಬೆಂಕಿ ನೋಡ್ಲಾ," ಅಂದರು. ನಾನು ಬೆಂಕಿ ನೋಡಿದೆ. ಇದನ್ನು ಬರೆಯದೆ ಬೇರೆಯದನ್ನೆಲ್ಲ ಬರೆದರೆ ನಾನೂ ಹೊಲಪ್ರಿಯನೇ.

ಉಳಿದ ಹೆಂಗಸರನ್ನು ಪಟೇಲರು ಕಟ್ಟಲು ಕೂರಿಸಿದರು. ಚಿಕ್ಕಬೀರಮ್ಮ ಸೀರೆಯಿಂದ ಅರ್ಧ ಹರಿದು ಮಗುವನ್ನು ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕರಿಯಯ್ಯ ಬರಬೇಕಿತ್ತು. ಅವನು ಬಂದದ್ದು ಹೊತ್ತು ವಾಲಿದ ಮೇಲೆ. ಅಷ್ಟು ಹೊತ್ತೂ ಅವಳು ಹಾಗೇ ಕೂತಿದ್ದಳು. ಕೇರಿಯ ಮಸಣ ಹಳ್ಳದ ಆಚೆ. ಹಳ್ಳದಲ್ಲಿ ನೀರು ಎದೆಮಟ್ಟ ಬರುತ್ತಿತ್ತು. ಹಾಗಾಗಿ ಕರಿಯಯ್ಯ ಬ್ಯಾರನ್ನಿನ ಹಿಂದಿನ ಹೊಲದ ಮೂಲೆಯಲ್ಲಿ, ಉಳದೆ ಬಿಟ್ಟಿದ್ದ ಜಾಗದಲ್ಲಿ, ಗುಂಡಿ ತೆಗೆದು ಮಣ್ಣು ಮಾಡಿದ. ಮರುವರ್ಷ ಪಟೇಲರು ಆ ಮೂಲೆಯನ್ನೂ ಉಳುಮೆ ಮಾಡಿಸಿ ಹೊಗೆಸೊಪ್ಪು ನೆಡಿಸಿದರು. ಜಾಗ ದಂಡವಾಗುತ್ತಿತ್ತಂತೆ.

ಆ ಮಧ್ಯಾಹ್ನ ಹೊಲಪ್ರಿಯರು ಮಹಡಿಯ ಮೇಲೆ ಇದ್ದರು. ಅಲ್ಲಿಂದ ಎಲೆ ರಾಶಿ ಕಾಣುತ್ತದೆ. ರಾಶಿಯ ಪಕ್ಕ ಕೂತ ಹೆಣ್ಣು ಕಾಣುತ್ತಾಳೆ. ಮಡಿಲಲ್ಲಿ ಒಂದು ಗಂಟು ಕಾಣುತ್ತದೆ. ಗಂಟಿನೊಳಗೆ ಏನಿದೆ ಅಂತ ಕಾಣುವುದಿಲ್ಲ. ಕೇಳಬೇಕೆಂದರೆ ಹದಿನಾಲ್ಕು ಮೆಟ್ಟಿಲು ಇಳಿಯಬೇಕು.

ಅವರು ಇಳಿಯಲಿಲ್ಲ. ಬರೆದರು.

ಪದ್ಯದ ಹೆಸರು 'ಎಲೆಯ ತೊಟ್ಟಿಲು'. ಅದು ಪತ್ರಿಕೆಯಲ್ಲಿ ಬಂತು, ಪುಸ್ತಕವಾಯಿತು, ಆ ಪುಸ್ತಕಕ್ಕೆ ಯಾವುದೋ ಬಹುಮಾನ ಬಂತು. ಎಪ್ಪತ್ತೆರಡರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬ. ಆಗಸ್ಟ್ ಹದಿನೈದಕ್ಕೆ ಗುಂಡಿಕೆರೆಯ ಸ್ಕೂಲಿನ ಮುಂದೆ ಅಳಿಯನಿಗೆ ಸನ್ಮಾನ ಮಾಡಿಸುವುದು ಅಂತ ಪಟೇಲರು ತೀರ್ಮಾನಿಸಿದರು. ಮೈಸೂರಿಂದ ಇನ್ನೂ ಐದು ಜನ ಕವಿಗಳು, ನಿವೃತ್ತ ಪ್ರೊಫೆಸರೊಬ್ಬರ ಅಧ್ಯಕ್ಷತೆ, ಹುಣಸೂರಿನಿಂದ ಮೈಕ್ ಸೆಟ್ಟು, ಚಿತ್ರಾನ್ನ, ಕೇಸರಿಬಾತು.

ಹೊಲಪ್ರಿಯರು ವಾರ ಮುಂಚೆ ಕಾಗದ ಬರೆದಿದ್ದರು. ವೇದಿಕೆಯ ಮೇಲೆ ಹಳ್ಳಿಯ ಬದುಕಿನ ಸಜೀವ ಚಿತ್ರ ಇರಬೇಕಂತೆ. ಒಂದು ನೇಗಿಲು, ಒಂದು ನೊಗ, ಕಂಬಳಿ ಹೊದ್ದ ಒಬ್ಬ ಮುದುಕ. ನಡುವೆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿ. ಅಂದು ಕೂತಿದ್ದಳಲ್ಲ, ಸಾಧ್ಯವಾದರೆ ಅವಳೇ.

ಆ ತಾಯಿ ಯಾರು, ಮಗು ಏನಾಯಿತು ಅಂತ ಪಟೇಲರಿಗೆ ಗೊತ್ತಿತ್ತು. ಆದರೂ ಹೇಳಿ ಕಳುಹಿಸಿದರು. ಚಿಕ್ಕಬೀರಮ್ಮ ಬಂದು ಅಂಗಳದ ಕೆಳಗೆ ನಿಂತಳು.

"ಹದಿನೈದನೇ ತಾರೀಕು ಸ್ಟೇಜ್ ಮ್ಯಾಲೆ ಕೂತ್ಕೊಬೇಕು. ಮಡ್ಲಲ್ಲಿ ಮಗ ಇಟ್ಕಂಡು. ಸುಮ್ನೆ ಕೂರದು, ಬಾಯಿ ಬುಡಂಗಿಲ್ಲ. ಊಟ ಅದೆ."

"ನಂಗೆ ಮಗ ಇಲ್ವಲ್ಲ ಬುದ್ಧಿ."

"ಯಾರ್ದಾದ್ರೂ ಇಸ್ಕೊ."

ಎರವಲು ಸೌಟು ಇಸಿದುಕೊಳ್ಳುವ ಹಾಗೆ ಹೇಳಿದರು.

ಕೇರಿಯ ತಾಯಂದಿರು ಯಾರೂ ಮಗು ಕೊಡಲಿಲ್ಲ. ನಮ್ಮ ಮಕ್ಕಳನ್ನು ಸ್ಟೇಜಿಗೆ ಹತ್ತಿಸಿಕೊಳ್ಳಬೇಕಾದರೆ ನಮ್ಮನ್ನು ಊರ ಬಾವಿಗೆ ಬಿಟ್ಟುಕೊಳ್ಳಲಿ ಅಂದರು. ಕೊನೆಗೆ ಪಟೇಲರ ಮೊಮ್ಮಗಳ ಗೊಂಬೆಯನ್ನು ಕೊಡುವುದೆಂದಾಯಿತು. ಪ್ಲಾಸ್ಟಿಕ್ ಗೊಂಬೆ. ಹಳದಿ ಕೂದಲು, ನೀಲಿ ಕಣ್ಣು. ಬಟ್ಟೆಯಲ್ಲಿ ಸುತ್ತಿದರೆ ಯಾರಿಗೆ ಗೊತ್ತಾಗುತ್ತದೆ ಅಂದರು.

ಹಿಂದಿನ ದಿನ ನನ್ನನ್ನು ಪುಸ್ತಕದ ಕಟ್ಟು ಹೊರಲು ಕರೆದಿದ್ದರು. ಒಂದು ಪುಸ್ತಕ ಕಟ್ಟಿನಿಂದ ಜಾರಿತು. ಅದು ಜಾರಿದ್ದೋ ನಾನು ಜಾರಿಸಿದ್ದೋ ಅನ್ನುವುದು ಬೇಡ. ಬ್ಯಾರನ್ನಿನ ಹಿಂದೆ ಕೂತು ಓದಿದೆ. 'ಎಲೆಯ ತೊಟ್ಟಿಲು' ಮಾತ್ರ ಎರಡನೇ ಸಲ ಓದಿದೆ. ಪದ್ಯದ ಹೆಣ್ಣು ಯಾರು ಅಂತ ನನಗೆ ಗೊತ್ತಾಯಿತು.

ಸಂಜೆ ಹೋದಾಗ ಚಿಕ್ಕಬೀರಮ್ಮ ಮನೆ ಮುಂದೆ ಹುಣಸೆಹಣ್ಣು ಹಾಕಿ ಕೈ ತಿಕ್ಕುತ್ತಿದ್ದಳು. ಅಂಟು ಹೋಗುವುದು ಹುಣಸೆಹಣ್ಣಿಗೆ ಮಾತ್ರ, ಅದೂ ಅರ್ಧ. ಕರಿಯಯ್ಯ ಬೀಡಿ ಸೇದುತ್ತ ಕೂತಿದ್ದ.

"ಅಕ್ಕ, ನಾಳೆ ನೀ ಓಗ್ಬೇಡ," ಅಂದೆ.

"ಯಾಕ್ಲಾ?"

"ಈ ಪದ್ಯ ನಿಂದು."

"ನಂದಾ? ನಾ ಯಾವಾಗ ಬರುದೆ?"

ಓದಿದೆ. ಪುಸ್ತಕದಲ್ಲಿ ಹೀಗಿತ್ತು:

*ಹಸಿರೆಲೆಯ ಹಾಸಿನಲಿ ಹೆಣ್ಣೊಬ್ಬಳು ಕುಳಿತಿದ್ದಳು,*
*ಮಡಿಲಲ್ಲಿ ಮುದ್ದುಕಂದ ಕಣ್ಮುಚ್ಚಿ ಕನಸುತಿತ್ತು.*
*ಬೆವರ ಹನಿ ಮುತ್ತಾಗಿ ಹಣೆಯಲ್ಲಿ ಹೊಳೆದಿತ್ತು,*
*ಅನ್ನಪೂರ್ಣೆಯ ಹೊಲವೆ ಜೋಗುಳವ ಹಾಡಿತ್ತು.*
*ಬಡತನದ ಬಳ್ಳಿಯಲಿ ಸುಖದ ಹೂವರಳಿತ್ತು.*

ಅವಳಿಗೆ ಅರ್ಥವಾಗಲಿಲ್ಲ. ಒಂದೊಂದೇ ಸಾಲು ಹಿಡಿದು ನಮ್ಮ ಮಾತಿನಲ್ಲಿ ಹೇಳಿದೆ. ಎರಡನೆಯ ಸಾಲಿಗೆ ಬಂದಾಗ ಕೈ ತಿಕ್ಕುವುದನ್ನು ನಿಲ್ಲಿಸಿದಳು. ಕರಿಯಯ್ಯನ ಬೀಡಿ ಆರಿತು. ಅವನು ಮತ್ತೆ ಹಚ್ಚಲಿಲ್ಲ.

"ಮಗ ಮನಗಿತ್ತು ಅಂತ ಬರದವ್ನಾ?" ಅಂದಳು.

"ಹೂಂ."

"ನಾನು ಜೋಗುಳ ಹಾಡ್ತಿದ್ದೆ ಅಂತಾನಾ?"

"ನೀನಲ್ಲ. ಹೊಲ ಹಾಡ್ತಿತ್ತಂತೆ."

ಕೈಯಲ್ಲಿದ್ದ ಹುಣಸೆಹಣ್ಣನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಇದ್ಕೆ ಬವುಮಾನ ಕೊಟ್ರಾ?" ಅಂದಳು.

"ಕೊಟ್ರು."

"ನಾಳೆ ಓಯ್ತೀನಿ," ಅಂದಳು. ಕರಿಯಯ್ಯ ಬೇಡ ಅನ್ನಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ.

ಮರುದಿನ ಧ್ವಜ ಹಾರಿತು, ಜನಗಣಮನ ಆಯಿತು. ವೇದಿಕೆಯ ಮೇಲೆ ಬಾಳೆಕಂದು ಕಟ್ಟಿದ್ದರು. ಒಂದು ಕಡೆ ನೇಗಿಲು. ಒಂದು ಕಡೆ ಕಂಬಳಿ ಹೊದ್ದು ನಿಂತ ಚಿಕ್ಕಮಾದಯ್ಯ. ಅವನಿಗೆ ಅರವತ್ತೈದು ದಾಟಿತ್ತು. ಬಿಸಿಲಿನಲ್ಲಿ ಎರಡು ಗಂಟೆ ಕಂಬಳಿ ಹೊದ್ದು ನಿಂತಿದ್ದ. ಬೆವರು ಕಾಲಿನವರೆಗೆ ಇಳಿಯುತ್ತಿತ್ತು. ಕವಿಯೊಬ್ಬರು ಅವನನ್ನು ತೋರಿಸಿ, "ಅನ್ನದಾತನ ಮೌನ ನೋಡಿ," ಅಂದರು. ಮುದುಕನಿಗೆ ಉಚ್ಚೆ ಬಂದಿತ್ತು. ಇಳಿದು ಹೋದರೆ ಏನನ್ನುತ್ತಾರೋ ಅಂತ ಹಲ್ಲು ಕಚ್ಚಿ ನಿಂತಿದ್ದ. ಅದೇ ಆ ಮೌನ.

ನಡುವೆ ಚಾಪೆ. ಚಾಪೆಯ ಮೇಲೆ ಚಿಕ್ಕಬೀರಮ್ಮ. ಮಡಿಲಲ್ಲಿ ಬಟ್ಟೆ ಸುತ್ತಿದ ಗೊಂಬೆ. ನಾವು ಕೇರಿಯವರು ಸ್ಕೂಲಿನ ಕಾಂಪೌಂಡಿನ ಹೊರಗೆ ನಿಂತಿದ್ದೆವು. ಒಳಗೆ ಬನ್ನಿ ಅಂತ ಯಾರೂ ಕರೆದಿರಲಿಲ್ಲ. ಹೊರಗೆ ಹೋಗಿ ಅಂತಲೂ ಹೇಳಬೇಕಾಗಿರಲಿಲ್ಲ.

ಒಬ್ಬ ಕವಿ ಕೋಗಿಲೆಯ ಬಗ್ಗೆ ಓದಿದರು. ಇನ್ನೊಬ್ಬರು ನೇಗಿಲನ್ನು ಭೂತಾಯಿಯ ಹಣೆಯ ಮೇಲೆ ಕುಂಕುಮ ತೀಡುವ ಬೆರಳು ಅಂದರು. ಎತ್ತಿನ ಬಾಲದ ಕೆಳಗೆ ವರ್ಷಗಟ್ಟಲೆ ನಡೆದಿದ್ದ ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹೊಲಪ್ರಿಯರು ಎದ್ದರು. ಮಲ್ಲಿಗೆ ಬಿಳುಪಿನ ಪಂಚೆ. ಕೊರಳಿಗೆ ಆಗಲೇ ಹಾರ ಬಿದ್ದಿತ್ತು. ಪದ್ಯ ಓದುವ ಮುಂಚೆ ಚಿಕ್ಕಬೀರಮ್ಮನ ಕಡೆ ಕೈ ತೋರಿಸಿ, "ಈ ಕವಿತೆ ಇವಳು ನನಗೆ ಕೊಟ್ಟ ಭಿಕ್ಷೆ," ಅಂದರು. ಚಪ್ಪಾಳೆ ಬಿತ್ತು.

ಮೊದಲ ಸಾಲು ಓದಿದರು. ಎರಡನೆಯ ಸಾಲು ಓದಿದರು. ಪಕ್ಕದಿಂದ ಅವಳ ದನಿ ಕೇಳಿತು.

"ಅದು ಮನಗಿರ್ಲಿಲ್ಲ ಸ್ವಾಮಿ. ಸತ್ತಿತ್ತು."

ಕೂಗಲಿಲ್ಲ. ಮಾಮೂಲಿ ದನಿ. ಆದರೆ ಮೈಕು ಅವಳ ಕಡೆಗೇ ಇತ್ತು. ಸ್ಕೂಲಿನ ಮೇಲಿನ ಹಾರ್ನಿನಿಂದ ಊರಿಗೆಲ್ಲ ಕೇಳಿತು. ಹೊಲಪ್ರಿಯರು ಓದುವುದನ್ನು ನಿಲ್ಲಿಸಿದರು. ಕಿವಿ ಕೆಟ್ಟಿತೇನೋ ಅನ್ನುವವರ ಹಾಗೆ ನೋಡಿದರು.

ಅವಳು ಎದ್ದು ನಿಂತಳು.

"ಏಳ್ ತಿಂಗ್ಳಾಗಿತ್ತು. ಸೊಪ್ಪಿನ ವಿಷ ಏರಿ ವಾಂತಿ ಬತ್ತಿತ್ತು. ಮನೆಗ್ ಓಯ್ತೀನಿ ಅಂದೆ, ನಿಮ್ ಮಾವ ಬುಡ್ಲಿಲ್ಲ. ಅಲ್ಲೇ ಆಯ್ತು. ಕರಿಯಯ್ಯ ಬರೋಗಂಟ ಎಣ ಇಟ್ಕಂಡು ಕೂತಿದ್ದೆ. ನೀವು ಮ್ಯಾಲೆ ಕೂತು ನೋಡ್ತಿದ್ರಿ. ನಾನೂ ನಿಮ್ಮನ್ನ ನೋಡ್ದೆ. ಕೆಳುಕ್ ಬತ್ತೀರೇನೋ ಅನ್ಕಂಡೆ."

ಪಟೇಲರು ಮೊದಲನೆಯ ಸಾಲಿನಿಂದ ಎದ್ದು, "ಲೇ, ಮೈಕ್ ಆರ್ಸ್ಲಾ," ಅಂದರು. ಮೈಕಿನವನು ತಂತಿ ಹುಡುಕುವವನ ಹಾಗೆ ಬಗ್ಗಿದ. ಆರಿಸಲಿಲ್ಲ. ಅವಳು ಸರಿಯಾಗಿ ಮಾತಾಡುತ್ತಿದ್ದಳು, ಆರಿಸಲು ಮನಸ್ಸಾಗಲಿಲ್ಲ ಅಂತ ಆಮೇಲೆ ನನ್ನ ಹತ್ತಿರ ಹೇಳಿದ.

ಅಧ್ಯಕ್ಷರಾಗಿದ್ದ ಪ್ರೊಫೆಸರಿಗೆ ಏನಾದರೂ ಮಾಡಬೇಕು ಅನ್ನಿಸಿತು. ಎದ್ದು ಕೈಮುಗಿದರು. "ಕಾವ್ಯ ಆ ತಾಯಿಯ ಅಂತರಂಗವನ್ನೇ ಕಲಕಿಬಿಟ್ಟಿದೆ. ಕವಿತೆಯ ಶಕ್ತಿ ಅಂದರೆ ಇದು," ಅಂದು ತಾವೇ ಚಪ್ಪಾಳೆ ತಟ್ಟಲು ಶುರು ಮಾಡಿದರು. ಹಿಂದಿನಿಂದ ಇನ್ನೂ ನಾಲ್ಕೈದು ಜನ ತಟ್ಟಿದರು.

"ಯಾಕ್ ಚಪ್ಪಾಳೆ ತಟ್ತೀರಿ ಸ್ವಾಮಿ?" ಅಂದಳು ಚಿಕ್ಕಬೀರಮ್ಮ. ನಿಜವಾಗಿಯೂ ಗೊತ್ತಾಗದೆ ಕೇಳಿದಳು. ಚಪ್ಪಾಳೆ ನಿಂತಿತು.

ಅವಳು ಗೊಂಬೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಹಳದಿ ಕೂದಲಿನ ಗೊಂಬೆಯನ್ನು ಪ್ರೊಫೆಸರ ಮುಂದಿನ ಮೇಜಿನ ಮೇಲೆ, ಹೂಕುಂಡದ ಪಕ್ಕ, ಮಲಗಿಸಿದಳು. ಮಲಗಿಸಿದ ಕೂಡಲೇ ಗೊಂಬೆ ಕಣ್ಣು ಮುಚ್ಚಿತು. ಅಂಥ ಗೊಂಬೆ.

"ಇದು ಮನಗ್ತದೆ. ಇದ್ರ ಮ್ಯಾಲೆ ಬರ್ಕಳಿ," ಅಂದು ಇಳಿದು ಬಂದಳು. ಚಿಕ್ಕಮಾದಯ್ಯ ಕಂಬಳಿ ಕಿತ್ತು ನೇಗಿಲಿನ ಮೇಲೆ ಹಾಕಿ ಅವಳ ಹಿಂದೆಯೇ ಇಳಿದ. ಇಳಿದವನು ಸೀದಾ ಬೇಲಿಯ ಮರೆಗೆ ಹೋದ.

ನಾವು ಯಾರೂ ಚಿತ್ರಾನ್ನ ತಿನ್ನಲಿಲ್ಲ. ಕೊಡಲೂ ಇಲ್ಲ ಅನ್ನಿ.

ಸಂಜೆ ಪಟೇಲರ ಆಳು ಬಂದು ಹೇಳಿದ. ನಾಳೆಯಿಂದ ಕೇರಿಯವರು ಯಾರೂ ಸೊಪ್ಪಿಗೆ ಬರಕೂಡದು. ಚಿಕ್ಕಬೀರಮ್ಮ ಬಂದು ಕಾಲಿಗೆ ಬಿದ್ದರೆ ಆಮೇಲೆ ನೋಡೋಣ.

ಕರಿಯಯ್ಯ, "ಸರಿ," ಅಂದ. ಅವನ ಬಾಯಲ್ಲಿ ಅಷ್ಟು ಸಣ್ಣ ಮಾತು ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು.

ಹೊಲದಲ್ಲಿ ಸೊಪ್ಪು ಮಾಗಿ ನಿಂತಿತ್ತು. ಕಿತ್ತು ರಾಶಿ ಹಾಕಿದ್ದೂ ಇತ್ತು. ಪಟೇಲರು ಕೋಟೆಗೆ ಲಾರಿ ಕಳುಹಿಸಿದರು. ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ಹಾಡಿಯಿಂದ ಇಪ್ಪತ್ತು ಜನರನ್ನು ತುಂಬಿಕೊಂಡು ಬಂತು. ಅವರನ್ನು ಅಂಗಳದಲ್ಲಿ ಇಳಿಸಿ ಅಲ್ಲೇ ಕಟ್ಟಲು ಕೂರಿಸಿದರು. ಕಡ್ಡಿ ಕಂಡವರಲ್ಲ, ಸೊಪ್ಪು ಮುಟ್ಟಿದವರಲ್ಲ. ಮಧ್ಯಾಹ್ನದ ಹೊತ್ತಿಗೆ ಎಂಟು ಜನ ವಾಂತಿ ಮಾಡಿಕೊಂಡಿದ್ದರು. ಸಂಜೆ ಅವರಲ್ಲಿ ಹಿರಿಯಳಾದ ಜವರಿ ನಮ್ಮ ಕೇರಿಗೆ ಬಂದಳು. ಕೈ ಕಹಿ ಹೋಗುತ್ತಿಲ್ಲ, ಏನು ಮಾಡುತ್ತೀರಿ ಅಂತ ಕೇಳಿದಳು.

ಚಿಕ್ಕಬೀರಮ್ಮ ಹುಣಸೆಹಣ್ಣು ಕೊಟ್ಟಳು. ಕೂರಿಸಿಕೊಂಡು ಎಲ್ಲ ಹೇಳಿದಳು. ಜವರಿ ಕೈ ತಿಕ್ಕುತ್ತಲೇ ಕೇಳಿದಳು.

"ನಮ್ ಜೊತೇಲಿ ಮೂವರು ಬಸ್ರೇರು ಬಂದವ್ರೆ," ಅಂದಳು ಕೊನೆಗೆ.

"ಕಟ್ಸಬೇಡ," ಅಂದಳು ಚಿಕ್ಕಬೀರಮ್ಮ.

ಬೆಳಗ್ಗೆ ಅಂಗಳ ಖಾಲಿ. ಇಪ್ಪತ್ತು ಜನವೂ ಕತ್ತಲು ಹರಿಯುವ ಹೊತ್ತಿಗೆ ನಡೆದುಕೊಂಡೇ ಹೊರಟುಹೋಗಿದ್ದರು. ಕಾಡಿನ ಜನಕ್ಕೆ ದಾರಿ ಹೇಳಿಕೊಡಬೇಕಾಗಿರಲಿಲ್ಲ.

ಅಲ್ಲಿಂದ ಮುಂದೆ ಸೊಪ್ಪಿನ ವಾಸನೆ ಊರಿಗೆಲ್ಲ ಹಬ್ಬಿತು. ರಾಶಿ ಕರ್ರಗಾಗಿ ನೀರು ಬಿಟ್ಟಿತು. ನಮಗೆ ಹೊಟ್ಟೆಗೆ ಇರಲಿಲ್ಲ. ಬೇಲಿ ಬದಿಯ ಸೊಪ್ಪುಸದೆ ಬೇಯಿಸಿ ತಿಂದೆವು. ತಿಮ್ಮಮ್ಮನಿಗೆ ಹಸಿವೆಗೆ ಜ್ವರವೇ ಬಂತು. ಹೋಗಿ ಕಾಲಿಗೆ ಬಿದ್ದು ಬಾರಮ್ಮ ಅಂತ ಅವಳಿಗೆ ಹೇಳಿದವರೂ ಕೇರಿಯಲ್ಲಿ ಇದ್ದರು. ನಾನೂ ಒಮ್ಮೆ ಹೇಳಿದೆ. ಅವಳು ನನ್ನ ಮುಖ ನೋಡಿ, "ಬೆಂಕಿ ನೋಡ್ಕಂಡಿರ್ಲಾ," ಅಂದಳು. ಮತ್ತೆ ಹೇಳಲಿಲ್ಲ.

ಒಂಬತ್ತನೆಯ ದಿನ ಪಟೇಲರು ತಾವೇ ಬಂದರು. ಕೇರಿಯ ಬಾಯಲ್ಲಿ, ಬೇವಿನ ಮರದ ಕೆಳಗೆ ನಿಂತರು. ಒಳಗೆ ಕಾಲಿಡಲಿಲ್ಲ. ಕಂಪನಿಯವನು ಬಂದು ರಾಶಿ ನೋಡಿ ಮುಖ ಸಿಂಡರಿಸಿ ಹೋಗಿದ್ದ ಅಂತ ನಮಗೆ ಗೊತ್ತಿತ್ತು.

"ಏನಂತೆ ಅವಳ್ದು?" ಅಂತ ಕರಿಯಯ್ಯನನ್ನು ಕೇಳಿದರು. ಚಿಕ್ಕಬೀರಮ್ಮ ಪಕ್ಕದಲ್ಲೇ ನಿಂತಿದ್ದಳು.

"ಅವ್ಳನ್ನೇ ಕೇಳಿ," ಅಂದ ಕರಿಯಯ್ಯ.

"ಬಸ್ರೇರು ಅಸಿ ಸೊಪ್ಪು ಮುಟ್ಟಕುಲ್ಲ," ಅಂದಳು ಅವಳು. "ವಾಂತಿ ಆದೋರು ಮನೆಗ್ ಓಯ್ತಾರೆ, ಕೇಳಕುಲ್ಲ. ನನ್ ಮಗ ಇರೋ ಮೂಲೆ ಉಳಕುಲ್ಲ."

ಮೊದಲ ಎರಡಕ್ಕೆ ಪಟೇಲರು ತಲೆಯಾಡಿಸಿದರು. ಮೂರನೆಯದಕ್ಕೆ ಮುಖ ಕೆಂಪಾಯಿತು.

"ಅದು ನನ್ ಜಮೀನು ಕಣಮ್ಮಿ."

"ಸೊಪ್ಪೂ ನಿಮ್ದೇ ಬುದ್ಧಿ. ಕೊಳೀತಾ ಬಿದ್ದಿರ್ಲಿ."

ಪಟೇಲರು ಬೇವಿನ ಮರ ನೋಡಿದರು, ತಮ್ಮ ಮೆಟ್ಟು ನೋಡಿದರು. "ಎಷ್ಟಗಲ?" ಅಂದರು.

"ಮಗಿನ್ ಅಷ್ಟು," ಅಂದಳು.

ಅವತ್ತೇ ಮಧ್ಯಾಹ್ನ ಕರಿಯಯ್ಯ ಆ ಮೂಲೆಗೆ ಹೋಗಿ, ಮಾಗಿ ನಿಂತಿದ್ದ ಹೊಗೆಸೊಪ್ಪಿನ ಗಿಡಗಳನ್ನು ಬೇರುಸಮೇತ ಕಿತ್ತು ದಾರಿಗೆ ಎಸೆದ. ಚಿಕ್ಕಬೀರಮ್ಮ ಅಲ್ಲೇ ಕೂತಿದ್ದಳು. ನಾನೂ ಹೋಗಿದ್ದೆ. ಅವಳು ಮಣ್ಣನ್ನು ಅಂಗೈಯಲ್ಲಿ ತಟ್ಟಿ ಸಮ ಮಾಡಿದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. ಮರುದಿನ ಎಲ್ಲರೂ ಕೆಲಸಕ್ಕೆ ಹೋದೆವು. ಪಟೇಲರು ಮಾತನ್ನು ಎರಡು ವರ್ಷ ಸರಿಯಾಗಿ ನಡೆಸಿದರು, ಆಮೇಲೆ ಬಸುರಿಯೊಬ್ಬಳನ್ನು ಕಟ್ಟಲು ಕೂರಿಸಿದರು. ಮತ್ತೆ ಕೆಲಸ ಬಿಟ್ಟು ಮನೆಯಲ್ಲಿ ಕೂತೆವು, ಮತ್ತೆ ಸೊಪ್ಪು ಕೊಳೆಯಿತು. ಆ ಮೂಲೆಯನ್ನು ಮಾತ್ರ ಉಳಲಿಲ್ಲ.

ಹೊಲಪ್ರಿಯರು ಆ ವರ್ಷ ಮತ್ತೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ನನ್ನ ಹೆಸರಿಗೆ ಒಂದು ಕಾಗದ ಬಂತು. ಕೇರಿಯಲ್ಲಿ ಓದಲು ಬರುವವನು ನಾನೊಬ್ಬನೇ ಅಂತ ಮಾವ ಹೇಳಿರಬೇಕು. ಪುಸ್ತಕ ಎರಡನೆಯ ಸಲ ಅಚ್ಚಾಗುತ್ತಿದೆ. ಆ ದಿನದ ಘಟನೆಯಿಂದ ಮನಸ್ಸು ನೊಂದಿದೆ. ಆ ತಾಯಿಗೆ ಪದ್ಯವನ್ನು ಓದಿ ಹೇಳಿ, ಎಲ್ಲಿ ತಪ್ಪಿದೆಯೋ ಗುರುತು ಮಾಡಿ ಕಳುಹಿಸಿ, ತಿದ್ದಿಕೊಳ್ಳುತ್ತೇನೆ. ಜೊತೆಗೆ ಪದ್ಯದ ಒಂದು ಹಾಳೆ, ಅಂಚೆಚೀಟಿ ಹಚ್ಚಿದ ಕವರು.

ಮನುಷ್ಯ ಕೇಳಿದನಲ್ಲ ಅಂತ ನನಗೆ ಸ್ವಲ್ಪ ಸಂತೋಷವೇ ಆಯಿತು. ಭಾನುವಾರ ಹಾಳೆ ಹಿಡಿದುಕೊಂಡು ಹೋದೆ. ಚಿಕ್ಕಬೀರಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ಓದು," ಅಂದಳು.

"ಹಸಿರೆಲೆಯ ಹಾಸಿನಲಿ."

"ನೆಲದ್ ಮ್ಯಾಲೆ ಕೂತಿದ್ದೆ. ಸೊಪ್ಪಿನ್ ಮ್ಯಾಲೆ ಕೂತ್ರೆ ಪಟೇಲ ಒದೀತಿದ್ದ. ಅದ್ಕೆ ಗೀಟ್ ಒಡಿ."

ಹೊಡೆದೆ.

"ಹೆಣ್ಣೊಬ್ಬಳು ಕುಳಿತಿದ್ದಳು."

"ಹೂಂ. ಅದು ಸರಿ. ಅದ ಬುಡು."

"ಮಡಿಲಲ್ಲಿ ಮುದ್ದುಕಂದ ಕಣ್ಮುಚ್ಚಿ ಕನಸುತಿತ್ತು."

ಮೊರ ನಿಂತಿತು. "ಒಡಿ," ಅಂದಳು. ಮತ್ತೆ ಕೇರಲು ಶುರು ಮಾಡಿದಳು.

"ಬೆವರ ಹನಿ ಮುತ್ತಾಗಿ ಹಣೆಯಲ್ಲಿ ಹೊಳೆದಿತ್ತು."

"ಮುತ್ತಾಗಿದ್ರೆ ಬ್ಯಾರನ್ ತಾವ ಎಲ್ರೂ ಆಯ್ಕಂತಿದ್ರು. ಬೆವ್ರಲ್ಲ ಕಣ್ಲಾ ಅದು. ತಿಮ್ಮಮ್ಮ ತಲೆಗ್ ನೀರು ಉಯ್ದಿದ್ಲು. ಒಡಿ."

"ಅನ್ನಪೂರ್ಣೆಯ ಹೊಲವೆ ಜೋಗುಳವ ಹಾಡಿತ್ತು."

ಅವಳು ನಕ್ಕಳು. ಒಳಗಿನಿಂದ ಕರಿಯಯ್ಯನೂ ನಕ್ಕ.

"ಒಗೆಸೊಪ್ಪ ಉಣ್ತಾನಾ ಇವ್ನು?" ಅಂದಳು. "ಒಲ ಹಾಡಲ್ಲ ಅಂತ ಬರಿ. ಇಲ್ಲ, ಬರೀಬೇಡ, ಒಡಿ ಅಷ್ಟೆ. ಇನ್ನೇನದೆ?"

"ಬಡತನದ ಬಳ್ಳಿಯಲಿ ಸುಖದ ಹೂವರಳಿತ್ತು."

ಅವಳು ರಾಗಿಯಲ್ಲಿದ್ದ ಒಂದು ಕಲ್ಲನ್ನು ಆರಿಸಿ ದೂರ ಎಸೆದಳು. ನಾನೇ ಹೊಡೆದೆ.

ಹಾಳೆಯಲ್ಲಿ ಉಳಿದದ್ದು ಎರಡೇ ಮಾತು. ಹೆಣ್ಣೊಬ್ಬಳು ಕುಳಿತಿದ್ದಳು. ಹಾಳೆ ಮಡಿಸಿ ಅವರೇ ಕೊಟ್ಟ ಕವರಿನಲ್ಲಿ ಹಾಕಿ ಹುಣಸೂರಿನಲ್ಲಿ ಪೋಸ್ಟು ಮಾಡಿದೆ. ಉತ್ತರ ಬರಲಿಲ್ಲ.

ಮರುವರ್ಷ ಹುಣಸೂರಿನ ಲೈಬ್ರರಿಗೆ ಪುಸ್ತಕದ ಎರಡನೆಯ ಮುದ್ರಣ ಬಂತು. ನಿಂತಲ್ಲೇ ತಿರುವಿ ನೋಡಿದೆ. 'ಎಲೆಯ ತೊಟ್ಟಿಲು' ಇರಲಿಲ್ಲ. ಆ ಪುಟದಲ್ಲಿ ತೆಂಗಿನ ಮರದ ಮೇಲೆ ಒಂದು ಹೊಸ ಪದ್ಯ ಇತ್ತು. ಮರ ತಾಯಿಯಂತೆ, ಎಳನೀರು ಮೊಲೆಹಾಲಂತೆ, ಗರಿಗಳು ಆಶೀರ್ವಾದ ಮಾಡುವ ಕೈಯಂತೆ.

ಊರಿಗೆ ಬಂದು ಚಿಕ್ಕಬೀರಮ್ಮನಿಗೆ ಹೇಳಿದೆ. ಅವಳು ಆಗ ಮತ್ತೆ ಆರು ತಿಂಗಳ ಬಸುರಿ. ಮನೆ ಮುಂದೆ ಕಾಲು ನೀಡಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಪೂರ್ತಿ ಕೇಳಿದಳು.

"ಮರಕ್ಕೆ ಬಾಯಿಲ್ವಲ್ಲ," ಅಂದಳು. ನೀಡಿದ ಕಾಲನ್ನು ಬಿಸಿಲಿಗೆ ಸರಿಸಿಕೊಂಡು ಮತ್ತೆ ಅಂದಳು, "ಪಾಪ."